ಸೂಜಿಗೆಳತಿಯ ನೆರಳು

ನಮ್ಮೂರಿನಲ್ಲಿ ಹೆಣ್ಣು ನೋಡುವ ಶಾಸ್ತ್ರ ಬೆಳಿಗ್ಗೆ ಎಂಟು ಗಂಟೆಗೇ ಆಗಬೇಕು, ಅದೂ ಬಯಲಂಗಳದಲ್ಲಿ. ಉಪ್ಪಿಟ್ಟು, ಕಾಫಿ ಎಲ್ಲ ಆಮೇಲೆ. ಮೊದಲು ಹುಡುಗಿ ಬಿಸಿಲಿಗೆ ಬೆನ್ನು ಮಾಡಿ ನಿಲ್ಲಬೇಕು. ಗಂಡಿನ ಕಡೆಯವರು ಅವಳ ಮುಖ ನೋಡುವ ಮುಂಚೆ ನೆಲ ನೋಡುತ್ತಾರೆ. ನೆರಳು ಕಪ್ಪಗಿದ್ದರೆ ಮಾತು ಮುಂದುವರಿಯುತ್ತದೆ. ಹಳದಿಯಾಗಿದ್ದರೆ ಯಾರೂ ಏನೂ ಅನ್ನುವುದಿಲ್ಲ, ಚಪ್ಪಲಿ ಹುಡುಕುತ್ತಾರೆ, ಅಷ್ಟೇ. ಹೆಣ್ಣಿನ ಕಡೆಯವರು ಜಾಣರಾದರೆ ರಾಹುಕಾಲ, ಗುಳಿಕಕಾಲ ಅಂತ ಏನಾದರೂ ನೆವ ಹೇಳಿ ನಡುಮಧ್ಯಾಹ್ನದವರೆಗೆ ಎಳೆಯುತ್ತಾರೆ. ಆ ಹೊತ್ತಿಗೆ ನೆರಳು ಕಾಲಡಿಗೆ ಮುದುಡಿಕೊಂಡು ಸೀರೆಯ ನೆರಿಗೆಯಲ್ಲೇ ಮುಚ್ಚಿಹೋಗುತ್ತದೆ.

ಹಳದಿ ಅಂದರೆ ಕಾಯಿಲೆ. ಅದು ಬಂದವರಿಗೆ ವರ್ಷಗಟ್ಟಲೆ ನೋವಿಲ್ಲ, ಜ್ವರವಿಲ್ಲ. ಉಣ್ಣುತ್ತಾರೆ, ಹೊಲಿಯುತ್ತಾರೆ, ಕೊಳಾಯಿಯ ಹತ್ತಿರ ಜಗಳವಾಡುತ್ತಾರೆ. ಇಪ್ಪತ್ತೋ ಮೂವತ್ತೋ ವರ್ಷವಾದ ಮೇಲೆ ಕೆಲವರು ಯಕೃತ್ತು ಒಣಗಿ ಕಲ್ಲಾಗಿ, ಹೊಟ್ಟೆ ಉಬ್ಬಿ ಹೋಗಿಬಿಡುತ್ತಾರೆ. ನೆರಳು ಮಾತ್ರ ಎರಡನೇ ತಿಂಗಳಿಗೇ ಬಾಯಿಬಿಡುತ್ತದೆ. ಅದಕ್ಕೇ ನಮ್ಮಲ್ಲಿ ಬೀದಿಯ ಗೋಡೆಗಳಿಗೆಲ್ಲ ಹಳದಿ ಸುಣ್ಣ. ಹಳದಿಯ ಮೇಲೆ ಹಳದಿ ಬಿದ್ದರೆ ಯಾರಿಗೂ ಮುಜುಗರವಿಲ್ಲ. ಮೋಡ ಕವಿದ ದಿನ ಪೇಟೆ ಗಿಜಿಗುಡುತ್ತದೆ. ನಮ್ಮದು ಕೌದಿ ಹೊಲಿಯುವ ಊರು, ಹಳೇ ಸೀರೆ ಹಳೇ ಅಂಗಿಯ ತುಂಡುಗಳನ್ನು ಕೂಡಿಸುವುದೇ ಎಲ್ಲರ ಕಸುಬು. ಹುಟ್ಟಿದಾಗಿನಿಂದ ಬಣ್ಣದಲ್ಲೇ ಆಡಿದ ನಮ್ಮ ಕಣ್ಣಿಗೆ ಹಳದಿಗಳೇ ನಲವತ್ತು: ಹಸಿ ಅರಿಶಿನ, ನಿಂಬೆ, ಕಡಲೆಹಿಟ್ಟು, ಹಾಗಲಹೂ, ಮಾಗಿದ ಬಾಳೆ, ಜೇನು, ಚೆಂಡುಹೂ. ಒಬ್ಬರ ಹಳದಿ ಇನ್ನೊಬ್ಬರದರಂತೆ ಇರುವುದಿಲ್ಲ. ಒಬ್ಬರದ್ದೇ ಆದರೂ ಒಂದೇ ಥರ ಉಳಿಯುವುದಿಲ್ಲ. ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ ಆಗಾಗ ಬಣ್ಣ ಬದಲಿಸುತ್ತದೆ. ಇದೆಲ್ಲ ಊರಲ್ಲಿ ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿರುವುದನ್ನು ಯಾರು ಯಾರಿಗೆ ಹೇಳುತ್ತಾರೆ?

ನಾನೂ ಇಂದ್ರಾಣಿಯೂ ಹದಿನೆಂಟು ತುಂಬಿದ ವರ್ಷ ಸೂಜಿಗೆಳತಿಯರಾದೆವು. ನಮ್ಮಲ್ಲಿ ಅದು ಮದುವೆಗಿಂತ ಗಟ್ಟಿ ಸಂಬಂಧ. ಇಬ್ಬರು ಹುಡುಗಿಯರು ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂರುತ್ತಾರೆ. ಆಚಾರಿ ತನ್ನ ಬೆಳ್ಳಿ ಸೂಜಿಯಿಂದ ಒಬ್ಬಳ ಮೂಗು ಚುಚ್ಚಿ, ಸೂಜಿಯನ್ನು ಒರೆಸದೆ ಇನ್ನೊಬ್ಬಳ ಮೂಗು ಚುಚ್ಚುತ್ತಾನೆ. ಒರೆಸಿದರೆ ಗೆಳೆತನವೂ ಒರೆಸಿಹೋಗುತ್ತದೆ ಎಂದು ನಂಬಿಕೆ. ಅವತ್ತಿನಿಂದ ಒಬ್ಬಳಿಗೆ ಏನೇ ಸಿಕ್ಕಲಿ, ಅರ್ಧ ಇನ್ನೊಬ್ಬಳದು. ಸೀಬೆಹಣ್ಣು ಸಿಕ್ಕರೆ ಅರ್ಧ, ಬಳೆ ಸಿಕ್ಕರೆ ಅರ್ಧ ಡಜನ್, ಅಮ್ಮನ ಕೈಯಲ್ಲಿ ಬೈಗುಳ ಸಿಕ್ಕರೆ ಅದನ್ನೂ ಹೋಗಿ ಅರ್ಧ ಹೇಳಿಕೊಂಡು ಬರಬೇಕು. ಆಚಾರಿಯ ಬಳಿ ಊರಿಗೆಲ್ಲ ಇದ್ದದ್ದು ಒಂದೇ ಸೂಜಿ. ನಮಗಿಂತ ಮುಂಚೆ ಅದು ಯಾರ ಮೂಗು ದಾಟಿ ಬಂದಿತ್ತೋ.

ಎರಡು ತಿಂಗಳೂ ಆಗಿರಲಿಲ್ಲ, ಒಂದು ಬೆಳಿಗ್ಗೆ ಕೊಳಾಯಿಯ ಹತ್ತಿರ ಇಂದ್ರಾಣಿ ಕೂಗಿದಳು: "ಏ ವನಜಿ, ನಿನ್ನ ನೆರಳು ನೋಡೇ!"

"ಮೊದ್ಲು ನಿಂದು ನೋಡ್ಕಳೇ!" ಅಂದೆ.

ಎರಡೂ ಹಸಿ ಅರಿಶಿನ. ಒಂದೇ ಕೊಂಬಿನಿಂದ ತೇದ ಹಾಗೆ. ನಾವು ಬಿಂದಿಗೆ ಕೆಳಗಿಟ್ಟು ನಕ್ಕೆವು. ನಿಜ ಹೇಳುತ್ತೇನೆ, ನನಗೆ ಒಂಥರಾ ಖುಷಿಯೇ ಆಯಿತು. ಕಾಯಿಲೆಯೂ ನಮ್ಮನ್ನು ಬೇರೆ ಮಾಡಿರಲಿಲ್ಲ, ಜೋಡಿಯಾಗಿಯೇ ಬಂದಿತ್ತು. ಅಜ್ಜಿ ಹೇಳುವ ಕಥೆಗಳಲ್ಲಿ ರಾಜಕುಮಾರಿಯರಿಗೆ ಶಾಪ ತಟ್ಟುತ್ತದಲ್ಲ, ಹಾಗೆ ನಾವಿಬ್ಬರೂ ಒಂದೇ ಶಾಪದ ಒಳಗೆ ಕೈ ಕೈ ಹಿಡಿದು ಕೂತಿದ್ದೇವೆ ಅಂತ ಕನಸು ಕಾಣುತ್ತಿದ್ದೆ.

ಆರನೇ ತಿಂಗಳಲ್ಲಿ ಇಂದ್ರಾಣಿಯ ನೆರಳು ಅಂಚಿನಿಂದ ಕಪ್ಪಾಗತೊಡಗಿತು. ನಾಲ್ಕು ಜನರಲ್ಲಿ ಒಬ್ಬರಿಗೆ ಹಾಗೆ ತಾನಾಗಿ ಕಪ್ಪಾಗುವುದುಂಟು, ಮದ್ದಿಲ್ಲ, ಮಂತ್ರವಿಲ್ಲ. ಹದಿನೈದು ದಿನದಲ್ಲಿ ಅವಳ ನೆರಳು ಮಳೆಮೋಡದ ಹಾಗೆ ನಿಂತಿತು. ನನ್ನದು ಅರಿಶಿನದಿಂದ ನಿಂಬೆಗೆ, ನಿಂಬೆಯಿಂದ ಜೇನಿಗೆ ಬಣ್ಣ ಬದಲಿಸಿಕೊಂಡು ನನ್ನ ಕಾಲಿಗೆ ಅಂಟಿಯೇ ಇತ್ತು. ಮೊದಮೊದಲು ದಿನಾ ಬೆಳಿಗ್ಗೆ ಎದ್ದು ಅಂಚು ನೋಡುತ್ತಿದ್ದೆ. ಆಮೇಲೆ ಬಿಟ್ಟೆ. ಅಮ್ಮ ಮಾತ್ರ ಬಿಡಲಿಲ್ಲ. "ಆ ಇಂದ್ರಿ ನೋಡು, ಎಂಥಾ ರಕ್ತ ಅವಳ್ದು," ಅನ್ನುವಳು, ನಾನೇನೋ ಪರೀಕ್ಷೆಯಲ್ಲಿ ಫೇಲಾದವಳ ಹಾಗೆ.

ಆಗ ಬಂದವರು ಡಾಕ್ಟರ್ ಫಿಲೋಮಿನಾ. ಕಡಲ ಕಡೆಯವರು, ಬೆಳ್ಳಿಕೂದಲಿನ, ದಪ್ಪ ಕನ್ನಡಕದ ಹೆಂಗಸು. ಊರಿನವರ ಬಾಯಲ್ಲಿ ಎರಡೇ ದಿನಕ್ಕೆ ಪಿಲಮ್ಮ ಆದರು. ಹಿಂದೆ ಬಟ್ಟೆಗೆ ಬಣ್ಣ ಹಾಕುತ್ತಿದ್ದ, ಈಗ ಪಾಳುಬಿದ್ದ ಬಣ್ಣದ ಮನೆಯನ್ನು ಗುಡಿಸಿ, ಅಲ್ಲಿ ಐಸ್ ಪೆಟ್ಟಿಗೆ ಇಟ್ಟುಕೊಂಡು ಕೂತರು. ಅವರು ಮಾಡಿದ ಮೊದಲ ಕೆಲಸ ಆಚಾರಿಯ ಸೂಜಿ ಕಿತ್ತುಕೊಂಡಿದ್ದು. ಇದರ ಹೆಸರು ಹೆಪಟೈಟಿಸ್ ಸಿ, ಇದು ರಕ್ತದಿಂದ ರಕ್ತಕ್ಕೆ ಹೋಗುವುದು, ನಿಮ್ಮ ಸೂಜಿಯೇ ಇದನ್ನು ಹೊತ್ತು ತಿರುಗಿದ್ದು ಎಂದರು. "ಬ್ಯಾರೆ ಬ್ಯಾರೆ ಸೂಜಿ ಅಂದ್ಮೇಲೆ ಎಂಥಾ ಸೂಜಿಗೆಳತೀರು?" ಎಂದು ಹೆಂಗಸರು ಮುನಿಸಿಕೊಂಡರು. ಕೊನೆಗೆ ಒಂದೇ ಬೆಳ್ಳಿ ತಂತಿಯನ್ನು ಎರಡು ತುಂಡು ಮಾಡಿ ಎರಡು ಸೂಜಿ ಮಾಡುವುದು ಎಂದು ರಾಜಿಯಾಯಿತು. ಹೊಲಿಗೆಗೂ ಅವರವರ ಸೂಜಿ ಅವರವರಿಗೆ.

ಪಿಲಮ್ಮ ಬಂದದ್ದು ಲಸಿಕೆ ಹುಡುಕಿಕೊಂಡು. ತಿಂಗಳಿಗೊಮ್ಮೆ ನಮ್ಮಿಬ್ಬರ ರಕ್ತವನ್ನೂ ತೆಗೆಯುತ್ತಿದ್ದರು. ನನ್ನ ಕೊಳವೆಗೆ ಚೀಟಿ ಅಂಟಿಸಿ ಪೆಟ್ಟಿಗೆಗೆ ಇಳಿಸುವರು. ಇಂದ್ರಾಣಿಯದನ್ನು ಮಾತ್ರ ಮೊದಲು ಬೆಳಕಿಗೆ ಹಿಡಿದು ನೋಡುವರು, ಕೂಸಿನ ಮುಖ ನೋಡುವ ಹಾಗೆ. ನನ್ನದನ್ನು ಒಮ್ಮೆಯೂ ಹಾಗೆ ನೋಡಲಿಲ್ಲ, ನಾನು ಲೆಕ್ಕ ಇಟ್ಟಿದ್ದೆ. ರಕ್ತ ಕೊಟ್ಟವರಿಗೆಲ್ಲ ಬಿಸ್ಕತ್ತು. ಇಂದ್ರಾಣಿ ತನ್ನದರಲ್ಲಿ ಅರ್ಧ ಮುರಿದು ನನಗೆ ಕೊಡುವಳು, ನಾನು ನನ್ನದರಲ್ಲಿ ಅರ್ಧ ಅವಳಿಗೆ. ಒಂದೇ ಪೊಟ್ಟಣದ ಬಿಸ್ಕತ್ತು, ಆದರೂ ಅವಳದ್ದೇ ಹೆಚ್ಚು ಸಿಹಿ ಅನ್ನಿಸುತ್ತಿತ್ತು.

ಒಮ್ಮೆ ಅಜ್ಜಿಯೂ ನನ್ನ ಜೊತೆ ಬಂದಿದ್ದಳು. "ಅಲ್ಲ ತಾಯಿ, ಇವಳ ಮೈ ಓಡ್ಸಿದ್ದನ್ನ ನಮ್ಮುಡುಗಿ ಮೈ ಯಾಕೆ ಓಡ್ಸಲಿಲ್ಲ?" ಎಂದು ನೇರವಾಗಿ ಕೇಳಿದಳು.

"ರಕ್ತದಲ್ಲಿ ಕಾವಲುಗಾರರು ಇರ್ತಾರೆ ಅಜ್ಜಿ," ಎಂದರು ಪಿಲಮ್ಮ. "ಕೆಲವರು ಕಳ್ಳನ ಅಂಗಿ ನೋಡಿ ಹಿಡಿಯುವವರು. ಈ ಕಳ್ಳ ಉಂಟಲ್ಲ, ಇವನು ಅಂಗಿ ಬದಲಿಸ್ತಾನೇ ಇರ್ತಾನೆ. ಇವರು ನಿನ್ನೆಯ ಅಂಗಿ ಹುಡುಕಿಕೊಂಡು ಬೀದಿ ಸುತ್ತುವಾಗ ಅವನು ಇವತ್ತಿನ ಅಂಗಿ ಹಾಕಿಕೊಂಡು ಪಕ್ಕದಲ್ಲೇ ನಡೀತಾ ಇರ್ತಾನೆ."

"ಅಂಗಿ ಬದಲಿಸ್ಬೋದು. ನಡಿಗೆ ಬದಲಿಸಕ್ಕಾಯ್ತದಾ?" ಎಂದಳು ಅಜ್ಜಿ. ಅವಳ ಒಂದು ಕಥೆಯಲ್ಲಿ ಸಾವಿರ ವೇಷದ ರಕ್ಕಸನೊಬ್ಬನನ್ನು ಕುರುಡು ದ್ವಾರಪಾಲಕ ಹೆಜ್ಜೆ ಸಪ್ಪಳದಿಂದ ಹಿಡಿಯುತ್ತಾನೆ.

ಪಿಲಮ್ಮ ಕನ್ನಡಕ ತೆಗೆದು ಅಜ್ಜಿಯನ್ನೇ ನೋಡಿದರು. "ನೀವು ನಮ್ಮ ಕಾಲೇಜಿನಲ್ಲಿ ಪಾಠ ಮಾಡಬೇಕಿತ್ತು ಮಾರಾಯ್ರೆ. ಅದೇ. ನಡಿಗೆ ಗುರುತು ಹಿಡಿಯುವ ಕಾವಲುಗಾರರೂ ಇದ್ದಾರೆ. ಇಂದ್ರಾಣಿಯಲ್ಲಿ ಅವರು ಎದ್ದು ನಿಂತದ್ದು ಅಂತ ನನ್ನ ಊಹೆ. ಅವರು ಅದನ್ನು ಹೇಗೆ ಕಲಿತರು ಅಂತ ಗೊತ್ತಾದರೆ, ಕಳ್ಳ ಬರುವ ಮುಂಚೆಯೇ ಎಲ್ಲರ ಮೈಗೂ ಕಲಿಸಬಹುದು. ಲಸಿಕೆ ಅಂದ್ರೆ ಅಷ್ಟೇ." ಆಮೇಲೆ ತಮ್ಮಷ್ಟಕ್ಕೇ ಹೇಳಿಕೊಂಡರು: "ಕಲಿತದ್ದು ನೆನಪಿನಲ್ಲಿ ಉಂಟಾ? ಇನ್ನೊಮ್ಮೆ ಬಂದರೆ ಬೇಗ ಓಡಿಸ್ತದಾ? ಅದು ಗೊತ್ತಾಗಬೇಕಿತ್ತು. ಬೇಕೂಂತ ಯಾರಿಗಾದರೂ ಕೊಟ್ಟು ನೋಡ್ಲಿಕ್ಕೆ ಆಗ್ತದಾ? ಛೆ, ಛೆ."

ಆ ಮಾತು ನನ್ನ ಕಿವಿಯಲ್ಲಿ ಉಳಿದದ್ದು ನನಗೇ ಗೊತ್ತಿರಲಿಲ್ಲ.

ಮರುವರ್ಷ ನನ್ನನ್ನು ನೋಡಲು ಹೊಳೆಯಾಚೆಯಿಂದ ಒಂದು ಗಂಡು ಬಂತು. ನೂಲಿಗೆ ಬಣ್ಣ ಹಾಕುವ ಮನೆತನ, ಹುಡುಗನ ಹೆಸರು ತಿಪ್ಪೇಶ. ಅಜ್ಜಿ ರಾಹುಕಾಲದ ನೆವ ಹೇಳಿದಳು, ಅವನ ಸೋದರತ್ತೆ ಕೇಳಲಿಲ್ಲ. ಎಂಟು ಗಂಟೆಗೆ ಅಂಗಳದಲ್ಲಿ ನಿಂತೆ. ತಿಪ್ಪೇಶ ನೆಲ ನೋಡಲಿಲ್ಲ, ನನ್ನ ಮುಖ ನೋಡಿದ. ನಮ್ಮೂರಲ್ಲಿ ಹಾಗೆ ಯಾರೂ ನನ್ನ ಮುಖವನ್ನು ಮೊದಲು ನೋಡಿದವರಿಲ್ಲ. ಎರಡು ಉಸಿರಿನಷ್ಟು ಹೊತ್ತು ನಾನು ಮನಸ್ಸಿನಲ್ಲೇ ಹೊಳೆಯಾಚೆಯ ಮನೆಯಲ್ಲಿ ಒದ್ದೆ ನೂಲು ಒಣಹಾಕುತ್ತಿದ್ದೆ. ಅಷ್ಟರಲ್ಲಿ ಅತ್ತೆಯ ಕಣ್ಣು ನೆಲ ಮುಟ್ಟಿತು. ಆ ದಿನಗಳಲ್ಲಿ ನನ್ನ ನೆರಳು ಚೆಂಡುಹೂ ಆಗಿತ್ತು, ಕೆಂಪು ಬೆರೆತ ಕಡು ಹಳದಿ, ಕಣ್ಣಿಗೆ ಹೊಡೆಯುವಂಥದು. ಅತ್ತೆ ಚಪ್ಪಲಿ ಹುಡುಕಲಿಲ್ಲ. ನನ್ನ ಪಕ್ಕಕ್ಕೆ ಬೆರಳು ತೋರಿಸಿ ಕೇಳಿದಳು:

"ಆ ತಟ್ಟೆ ಹಿಡ್ಕಂಡು ನಿಂತಿರೋ ಹುಡುಗಿ ಯಾರ ಮಗಳು?"

ತಟ್ಟೆ ಹಿಡಿದಿದ್ದವಳು ಇಂದ್ರಾಣಿ.

ಎಂಟು ದಿನದಲ್ಲಿ ಒಪ್ಪಿಗೆಯಾಯಿತು. ಒಪ್ಪಿಗೆಯ ಮಾರನೆಯ ಶುಕ್ರವಾರ ಅವಳು ನಮ್ಮ ಜಗಲಿಗೆ ಬಂದಳು. ಸೂಜಿಗೆಳತಿಯ ಮದುವೆಯ ಕೌದಿಯನ್ನು ಇನ್ನೊಬ್ಬ ಸೂಜಿಗೆಳತಿ ಜೊತೆಗೆ ಕೂತು ಹೊಲಿಯಬೇಕು. "ನಾನು ಬ್ಯಾಡ ಅಂದೆ ಕಣೇ. ಅಪ್ಪ ಕೇಳ್ಲಿಲ್ಲ," ಎಂದಳು. ಆಮೇಲೆ ನನ್ನನ್ನು ನಗಿಸಲು ನೋಡಿದಳು: "ಇಷ್ಟು ದಿನ ಎಲ್ಲದ್ರಲ್ಲೂ ಅರ್ಧ ಕೊಟ್ಟೆ. ಗಂಡನ್ನ ಹೆಂಗೆ ಕತ್ತರಿಸ್ಲೇ? ಯಾವ ಕಡೆ ಬೇಕು ಹೇಳು, ಎಡಗಡೇದೋ ಬಲಗಡೇದೋ?"

ನಕ್ಕೆ. ಅವಳೂ ನಕ್ಕಳು. ನೀರು ಕುಡಿಯಲು ಒಳಗೆ ಹೋದಳು.

ಅವಳ ಸೂಜಿ ಕೌದಿಯ ಮೇಲೆ ಚುಚ್ಚಿದ ಹಾಗೇ ಇತ್ತು. ಅದನ್ನು ತೆಗೆದು ನನ್ನ ಉಂಗುರ ಬೆರಳಿಗೆ ಆಳವಾಗಿ ಚುಚ್ಚಿಕೊಂಡೆ. ಹೊರಗೆಳೆದಾಗ ಸೂಜಿಯ ಮೈ ರಕ್ತದಿಂದ ಮಿರುಗುತ್ತಿತ್ತು. ಕೆಂಪು ತುಂಡಿನ ಮೇಲೆ ಅದನ್ನು ಹಾಗೇ ಚುಚ್ಚಿಟ್ಟೆ, ಕೆಂಪಿನಲ್ಲಿ ಕೆಂಪು ಕಾಣುವುದಿಲ್ಲ. ಅವಳು ಬಂದು ಕೂತು ಸೂಜಿ ಎತ್ತಿಕೊಂಡಳು. ಅವಳ ಹೆಬ್ಬೆರಳು ಬಟ್ಟೆಯ ಅಡಿಗೆ ಹೋದಾಗ ನಾನು ಕೌದಿಯ ಈ ತುದಿಯನ್ನು ಜಗ್ಗಿದೆ.

"ಅಯ್ಯಪ್ಪಾ!" ಎಂದು ಬೆರಳು ಬಾಯಿಗಿಟ್ಟುಕೊಂಡಳು.

"ಚುಚ್ಕಂಡ್ಯಾ?"

"ನನ್ನ ಸೂಜಿ ನಂಗೇ ಹಗೆ ನೋಡು," ಎಂದು ನಕ್ಕು, ಹೊಲಿಗೆ ಮುಂದುವರಿಸಿದಳು. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚಿಕೊಳ್ಳುವ ಊರಿನಲ್ಲಿ ಅದೊಂದು ವಿಷಯವೇ ಅಲ್ಲ. ನನ್ನ ತಲೆಯಲ್ಲಿ ಒಂದೇ ಪದ ಓಡುತ್ತಿತ್ತು: ಅರ್ಧ, ಅರ್ಧ, ಅರ್ಧ.

ಮೂವತ್ತೊಂದನೇ ದಿನ ಇಂದ್ರಾಣಿ ತಲೆಯ ಮೇಲೆ ಗೋಣಿ ಹೊದ್ದು ಓಡಿಬಂದಳು. ಅಂಗಳ ದಾಟುವಾಗ ಅವಳ ನೆರಳು ಕಂಡೆ, ಹಳದಿ. ಆ ಗಳಿಗೆ ನನಗೆ ಸಂತೋಷವಾಯಿತು. ಮುಚ್ಚಿಡುವುದಿಲ್ಲ, ಹಬ್ಬದಷ್ಟು ಸಂತೋಷ. ಅವಳು ನನ್ನ ಮಡಿಲಲ್ಲಿ ಮುಖ ಇಟ್ಟು ಅತ್ತಳು, ನಾನು ಅವಳ ಕೂದಲು ಸವರುತ್ತ ಬಾಗಿಲಾಚೆ ನೋಡುತ್ತಿದ್ದೆ. ಆಮೇಲೆ ಹೊಳೆಯಿತು. ಅವಳ ಹಳದಿ ಎರಡು ವರ್ಷದ ಹಿಂದಿನ ಹಸಿ ಅರಿಶಿನವಲ್ಲ. ಚೆಂಡುಹೂ. ನನ್ನ ಚೆಂಡುಹೂ. ಊರಿನ ಯಾರಾದರೂ ನಮ್ಮಿಬ್ಬರನ್ನು ಬಿಸಿಲಲ್ಲಿ ಜೊತೆಗೆ ಕಂಡರೆ ಮುಗಿಯಿತು, ಅದು ನನ್ನಿಂದಲೇ ಹೋದದ್ದೆಂದು ಗೊತ್ತಾಗಿಬಿಡುತ್ತದೆ.

ಅಲ್ಲಿಂದ ನಾನು ಅವಳ ಜೊತೆ ಬಿಸಿಲಿಗೆ ಇಳಿಯಲಿಲ್ಲ. ಅವಳು ಅಂಗಳದಲ್ಲಿದ್ದರೆ ನಾನು ಜಗಲಿಯಲ್ಲಿ. ಅವಳ ಮನೆಯವರು ಹೊಳೆಯಾಚೆಗೆ ಹುಡುಗಿಗೆ ಕೆಮ್ಮು ಎಂದು ಹೇಳಿ ಕಳಿಸಿ, ಅವಳನ್ನು ಒಳಗೇ ಕೂರಿಸಿದರು. ನೆರೆಹೊರೆಯವರು ಹಿತ್ತಲ ಬಾಗಿಲಿಂದ ಹೋಗಿ ಅಯ್ಯೋ ಪಾಪ ಎಂದು ಬರುವರು. ಎರಡು ವರ್ಷದಿಂದ ನಾನೂ ಹಳದಿಯೇ, ನನಗೆ ಯಾರೂ ಪಾಪ ಅನ್ನಲಿಲ್ಲ. ಅವಳಿಗೆ ಸಿಕ್ಕ ಕನಿಕರಕ್ಕೂ ನಾನು ಉರಿದೆ.

ಒಂದು ದಿನ ಅವಳೇ ಅಂದಳು: "ಕಪ್ಪಗಿದ್ದಾಗ ದೂರ ನಿಂತೆ, ಸರಿ. ಈಗ ನಿನ್ನ ಹಂಗೇ ಆಗಿದೀನಿ, ಈಗ್ಲೂ ದೂರ ನಿಲ್ತೀಯಲ್ಲೇ. ನಾನು ಯಾವ ಬಣ್ಣ ಆದ್ರೆ ನಿಂಗೆ ಸಮಾಧಾನ?"

ನಾನು ಸೂಜಿಗೆ ನೂಲು ಪೋಣಿಸತೊಡಗಿದೆ.

ಪಿಲಮ್ಮ ಅವಳ ನೆರಳು ಕಂಡಾಗ ನಿಂತಲ್ಲೇ ಕೂತರಂತೆ. ಯಾರಾದರೂ ಇಂಜೆಕ್ಷನ್ ಕೊಟ್ಟರಾ, ಬೇರೆಯವರ ಸೂಜಿ ಮುಟ್ಟಿದ್ದಾ ಎಂದು ಮತ್ತೆ ಮತ್ತೆ ಕೇಳಿದರಂತೆ. "ನನ್ನ ಸೂಜಿ ಬಿಟ್ಟು ಬ್ಯಾರೆ ಮುಟ್ಟಿಲ್ಲ ಡಾಕ್ಟ್ರೇ," ಎಂದಿದ್ದಳು ಇಂದ್ರಾಣಿ. ಹಾಗಾದರೆ ಇದು ಹೊರಗಿಂದ ಬಂದದ್ದಲ್ಲ, ಹಳೆಯದೇ ಒಳಗೆ ಅಡಗಿ ಕೂತು ಎದ್ದಿದೆ ಎಂದು ಅವರು ತೀರ್ಮಾನಿಸಿದರು. ಹೊರಗಿನವರಲ್ಲವೇ, ಅವರ ಕಣ್ಣಿಗೆ ಹಳದಿ ಅಂದರೆ ಒಂದೇ ಹಳದಿ.

ಮುಂದಿನ ರಕ್ತದ ದಿನ ನಾನು ಹೋದಾಗ ಬಣ್ಣದ ಮನೆಯ ಸಾಮಾನೆಲ್ಲ ಪೆಟ್ಟಿಗೆಯಲ್ಲಿತ್ತು. ಐಸ್ ಪೆಟ್ಟಿಗೆಗೆ ಹಗ್ಗ ಬಿಗಿದಿದ್ದರು. "ಶನಿವಾರ ಹೊರಡ್ತೇನೆ," ಎಂದರು ಪಿಲಮ್ಮ. "ಒಂದೂವರೆ ವರ್ಷ ತಪ್ಪು ಬಾಗಿಲು ತಟ್ಟಿದೆ ವನಜಾಕ್ಷಿ. ಯಾರ ಮೈಯೂ ಇದನ್ನು ನಿಜವಾಗಿ ಗೆಲ್ಲುವುದಿಲ್ಲ, ಕಲಿಯಲಿಕ್ಕೆ ಇಲ್ಲಿ ಏನೂ ಇಲ್ಲ ಅಂತ ಬರೆದುಕೊಟ್ಟು ಮುಗಿಸ್ತೇನೆ."

ಹೊರಗೆ ಅಂಗಳದಲ್ಲಿ ಇಂದ್ರಾಣಿ ನಿಂತಿದ್ದಳು, ಕೊನೆಯ ಸಲ ರಕ್ತ ಕೊಡಲು ಬಂದವಳು. ನಾನು ಬಾಗಿಲಿನಿಂದ ಅವಳ ನೆರಳು ನೋಡಿದೆ. ಅಂಚು ಆಗಲೇ ಕಪ್ಪಾಗಿತ್ತು. ತಲೆ ಕಪ್ಪು, ತೋಳು ಕಪ್ಪು, ಹೊಟ್ಟೆಯ ಹತ್ತಿರ ಮಾತ್ರ ಮೊರದಗಲದ ಹಳದಿ ಉಳಿದಿತ್ತು. "ನೋಡು, ಹೀಗೇ," ಎಂದರು ಪಿಲಮ್ಮ ನನ್ನ ಹಿಂದಿನಿಂದ, ಸೋತ ದನಿಯಲ್ಲಿ. "ಏಳ್ತದೆ, ಅಡಗ್ತದೆ."

ಅಡಗುತ್ತಿಲ್ಲ, ಓಡುತ್ತಿದೆ ಎಂದು ಇಡೀ ಊರಿನಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನು ನಾಲ್ಕು ದಿನಕ್ಕೆ ಅವಳ ನೆರಳು ಪೂರ್ತಿ ಕಪ್ಪಾಗಿ, ನನ್ನ ಸಾಕ್ಷಿ ಅಳಿಸಿಹೋಗುತ್ತಿತ್ತು. ಪಿಲಮ್ಮ ಹೋಗುತ್ತಿದ್ದರು, ಲಸಿಕೆಯ ಮಾತೂ ಅವರ ಜೊತೆ ಹೋಗುತ್ತಿತ್ತು. ಅವಳ ಗೆಳೆತನ ನನಗೆ ಉಳಿಯುತ್ತಿತ್ತು. ಒಳ್ಳೆಯತನದಿಂದ ಅಂಗಳಕ್ಕಿಳಿದೆ ಎಂದು ಹೇಳಿಕೊಳ್ಳಲಾರೆ. ಅವಳ ಮೈ ನನ್ನ ಮೈಯಂತೆಯೇ ಸೋತಿದೆ ಎಂದು ಬರೆಯುತ್ತಾರಲ್ಲ, ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಅದು ಸೋಲಲಿ ಎಂದು ಹಾರೈಸಿದ್ದವಳು ನಾನೇ. ಅದು ಸೋಲದೇ ಇದ್ದದ್ದನ್ನು ಕಂಡವಳೂ ನಾನೇ. ಆ ಸುಳ್ಳನ್ನು ಹೊತ್ತುಕೊಂಡು ಬದುಕಲು ನನ್ನಿಂದ ಆಗುತ್ತಿರಲಿಲ್ಲ.

ಹೋಗಿ ಇಂದ್ರಾಣಿಯ ಪಕ್ಕ ನಿಂತೆ, ಬಿಸಿಲಿಗೆ ಬೆನ್ನು ಮಾಡಿ.

"ಡಾಕ್ಟ್ರೇ, ನೆಲ ನೋಡಿ."

"ಎರಡೂ ಹಳದಿ. ಅದಕ್ಕೇನು ಮಾರಾಯ್ತಿ?"

"ಎರಡೂ ಒಂದೇ ಹಳದಿ."

ಪಿಲಮ್ಮನಿಗೆ ಅರ್ಥವಾಗಲಿಲ್ಲ. ಕೌದಿ ಹೊಲಿಯುವವಳಿಗೆ ಆಯಿತು. "ಚೆಂಡುಹೂ," ಎಂದಳು ಇಂದ್ರಾಣಿ ಮೆಲ್ಲಗೆ. ನೆಲ ನೋಡಿದಳು, ತನ್ನ ಹೆಬ್ಬೆರಳು ನೋಡಿಕೊಂಡಳು, ಕೊನೆಗೆ ನನ್ನನ್ನು ನೋಡಿದಳು.

ಎಲ್ಲ ಹೇಳಿದೆ. ನಲವತ್ತು ಹಳದಿಗಳ ವಿಷಯವನ್ನೂ, ಸೂಜಿಯ ವಿಷಯವನ್ನೂ. ಪಿಲಮ್ಮನ ಮುಖ ಕೆಂಪಾಯಿತು. ಹೊಡೆಯುತ್ತಾರೆ ಅಂದುಕೊಂಡೆ. "ಯಾವ ದಿನ?" ಎಂದು ಮಾತ್ರ ಕೇಳಿದರು.

"ಒಪ್ಪಿಗೆಯ ಮಾರನೆ ಶುಕ್ರವಾರ."

ಅವರು ಬೆರಳು ಮಡಚಿ ಎಣಿಸಿದರು. "ಮೊದಲ ಸಲ ಓಡಿಸಲಿಕ್ಕೆ ಆರು ತಿಂಗಳು. ಈ ಸಲ ಚುಚ್ಚಿ ನಲವತ್ತೆಂಟೇ ದಿನ, ಹಳದಿ ಕಂಡು ಹದಿನೇಳೇ ದಿನ. ಅದೂ ಬೇರೆಯೇ ಅಂಗಿ ಹಾಕಿ ಬಂದವನನ್ನು." ಕನ್ನಡಕ ತೆಗೆದು ಒರೆಸಿಕೊಂಡರು. "ನೆನಪು ಉಂಟು. ಮೈಗೆ ನೆನಪು ಉಂಟು! ಇದೇ ಲಸಿಕೆಯಲ್ಲ, ಇನ್ನೂ ಎಷ್ಟು ವರ್ಷವೋ. ಆದರೆ ದಾರಿ ಉಂಟು." ನನ್ನ ಕಡೆ ತಿರುಗಿದರು. "ನೀನು ಮಾಡಿದ್ದು ಹೇಸಿಗೆ ಕೆಲಸ. ಕೊನೆಗೂ ಹೇಳಿದೆ ಅಂತ ಅದು ಒಳ್ಳೇದಾಗುವುದಿಲ್ಲ. ತಿಳೀತಾ?"

ತಲೆಯಾಡಿಸಿದೆ.

ಇಂದ್ರಾಣಿ ಅಳಲಿಲ್ಲ, ಕೂಗಾಡಲಿಲ್ಲ. "ಅರ್ಧ ಕೊಟ್ಟೆ ಅಂದ್ಕಂಡಿದೀಯಾ?" ಎಂದಳು. "ನಂಗೆ ಬಂದಿದ್ದು ಪೂರ್ತಿ ಕಣೇ. ನಿನ್ನ ಕಾಲಡೀಲಿ ನೋಡ್ಕ, ಅಲ್ಲೂ ಪೂರ್ತಿನೇ ಐತೆ. ಒಂದು ಚೂರೂ ಕಮ್ಮಿಯಾಗಿಲ್ಲ." ಸೆರಗು ಸರಿಮಾಡಿಕೊಂಡು ಹೊರಟಳು. ನನ್ನಲ್ಲಿ ಎರಡು ವರ್ಷ ಉಂಡು ಬೆಳೆದದ್ದನ್ನು ಹದಿನೇಳು ದಿನದಲ್ಲಿ ಒದ್ದೋಡಿಸಿದ ಆ ಮೈ ಬೀದಿಯ ತಿರುವಿನವರೆಗೆ ನೆಟ್ಟಗೆ ನಡೆದುಹೋಯಿತು. ಆಗಲೂ, ಆ ನಾಚಿಕೆಯ ನಡುವೆಯೂ, ನನಗೆ ಹೊಟ್ಟೆಕಿಚ್ಚಾಯಿತು.

ಪೆಟ್ಟಿಗೆಗಳ ಹಗ್ಗ ಬಿಚ್ಚಲಾಯಿತು. ವಾರದೊಳಗೆ ಇಂದ್ರಾಣಿಯ ನೆರಳು ಕಪ್ಪಾಗಿ, ಅವಳ ಮದುವೆ ಹೊಳೆಯಾಚೆ ನಡೆಯಿತು. ನನ್ನನ್ನು ಕರೆಯಲಿಲ್ಲ. ಅಜ್ಜಿ ಹೋಗಿ ಬಂದಳು. ಇನ್ನು ನಿಮ್ಮಿಬ್ಬರ ರಕ್ತವನ್ನೂ ಒಂದೇ ದಿನ, ಒಂದೇ ಹೊತ್ತಿಗೆ ತೆಗೆಯಬೇಕು, ಅಕ್ಕಪಕ್ಕ ಇಟ್ಟು ನೋಡಬೇಕು ಎಂದು ಪಿಲಮ್ಮ ಹೇಳಿಕಳಿಸಿದ್ದರು. ಅವಳು ಬರುತ್ತಾಳೆ ಎಂದು ನನಗೆ ನಂಬಿಕೆಯಿರಲಿಲ್ಲ.

ಬಂದಳು. ಹೊಸ ಸೀರೆ, ಕೈಯಲ್ಲಿ ನೀಲಿ ಬಣ್ಣದ ಕಲೆ, ನೂಲು ಅದ್ದಿದ್ದು. ಬೆಂಚಿನ ಆ ತುದಿಯಲ್ಲಿ ಕೂತು, ನಡುವೆ ಚೀಲ ಇಟ್ಟಳು. ಪಿಲಮ್ಮ ಅವಳ ಕಡೆ ಹೆಜ್ಜೆ ಹಾಕಿದಾಗ ತೋಳು ಹಿಂದಕ್ಕೆಳೆದುಕೊಂಡಳು.

"ಅವಳದ್ದು ಮೊದ್ಲು ತಗಳ್ಳಿ ಡಾಕ್ಟ್ರೇ. ಆಮೇಲೆ ನಂಗೆ ಹೊಸ ಸೂಜಿ ತೆಗೀತೀರೋ ಇಲ್ವೋ, ನಾನು ಕಣ್ಣಾರೆ ನೋಡ್ಬೇಕು."

ನಾನು ರವಿಕೆಯ ತೋಳು ಮೇಲೆ ಸರಿಸಿ ಕೈ ಚಾಚಿದೆ. ಕೊಳವೆ ತುಂಬುವವರೆಗೂ ಅವಳು ನನ್ನ ಮೇಲಿಂದ ಕಣ್ಣು ತೆಗೆಯಲಿಲ್ಲ.